ಕೃಷಿಯಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಅಧಿಕಾರ ಹಂಚಿಕೆ: ರೈತರು ತಿಳಿದಿರಬೇಕಾದ ಸಂಗತಿಗಳು

ಮುಂಗಾರು ಬಿತ್ತನೆಯಿಂದ ಹಿಡಿದು ಫಸಲು ಮಾರಿ ಹಣ ಎಣಿಸುವವರೆಗೆ ರೈತನು ಸರ್ಕಾರದ ಹತ್ತಾರು ನಿಯಮಗಳಿಗೆ ಒಳಪಟ್ಟು ವ್ಯವಹರಿಸಬೇಕಾಗುತ್ತದೆ. ಬೀಜದ ಚೀಲಕ್ಕೆ ಕಟ್ಟಿದ ಚೀಟಿ, ಗೊಬ್ಬರದ ದರ, ನಾಲೆಯ ನೀರು, ಸಂಘದ ಸಾಲ, ಮಂಡಿಯ ತೂಕ, ಬೆಂಬಲ ಬೆಲೆ, ಮಳೆ ಕೈಕೊಟ್ಟಾಗ ಸಿಗುವ ಪರಿಹಾರ, ಇವೆಲ್ಲದರ ಹಿಂದೆಯೂ ಯಾವುದಾದರೊಂದು ಸರ್ಕಾರದ ಆಜ್ಞೆ ಇರುತ್ತದೆ. ಆ ಸರ್ಕಾರ ಬೆಂಗಳೂರಿನದೋ ದೆಹಲಿಯದೋ ಎಂದು ಕೇಳಿದರೆ ಓದು ಬಲ್ಲ ರೈತರಿಗೂ ಖಚಿತವಾಗಿ ಹೇಳುವುದು ಕಷ್ಟ. ವಿಸ್ತರಣಾ ಕಾರ್ಯಕರ್ತರಿಗೂ ಈ ಪ್ರಶ್ನೆ ಆಗಾಗ ಎದುರಾಗುತ್ತದೆ.

ಇದು ತಿಳಿಯದಿದ್ದರೆ ನಷ್ಟವೇನು ಎಂದು ಕೆಲವರು ಕೇಳಬಹುದು. ನಷ್ಟ ಬಹಳ ಉಂಟು. ಕೇಂದ್ರದ ಕೈಯಲ್ಲಿರುವ ವಿಷಯಕ್ಕೆ ತಾಲ್ಲೂಕು ಕಚೇರಿಯ ಮುಂದೆ ಧರಣಿ ಕುಳಿತರೆ ದಿನ ಕಳೆಯುತ್ತದೆಯೇ ಹೊರತು ಕೆಲಸ ಆಗುವುದಿಲ್ಲ. ರಾಜ್ಯವೇ ಮಾಡಬೇಕಾದ ಕೆಲಸಕ್ಕೆ 'ಮೇಲಿನಿಂದ ಆದೇಶ ಬಂದಿಲ್ಲ' ಎಂಬ ಉತ್ತರ ಕೇಳಿ ಸುಮ್ಮನಾದರೆ ಹಂಗಾಮು ಮುಗಿದೇ ಹೋಗುತ್ತದೆ. ಎರಡು ಸರ್ಕಾರಗಳ ನಡುವೆ ಯಾವ ಕೆಲಸ ಯಾರದು ಎಂಬುದನ್ನು ಅರಿತವನಿಗೆ ಯಾವ ಬಾಗಿಲು ತಟ್ಟಬೇಕೆಂಬುದು ಗೊತ್ತಿರುತ್ತದೆ. ಆ ತಿಳಿವಳಿಕೆಯನ್ನು ಒದಗಿಸುವುದು ಈ ಲೇಖನದ ಉದ್ದೇಶ.

ಮೂರು ಪಟ್ಟಿಗಳು

ಕೃಷಿಯನ್ನು ಪ್ರಾಂತಗಳಿಗೆ ಬಿಟ್ಟುಕೊಡುವ ಪದ್ಧತಿ ಸ್ವಾತಂತ್ರ್ಯಕ್ಕಿಂತ ಹಿಂದಿನದು. 1919ರ ಭಾರತ ಸರ್ಕಾರದ ಕಾಯ್ದೆಯ ಪ್ರಕಾರ ಕೃಷಿ ಹಾಗೂ ಸಹಕಾರ ಸಂಘಗಳನ್ನು ಪ್ರಾಂತಗಳ ಮಂತ್ರಿಗಳಿಗೆ ವಹಿಸಲಾಯಿತು. 1935ರ ಕಾಯ್ದೆ ಅಧಿಕಾರಗಳನ್ನು ಮೂರು ಪಟ್ಟಿಗಳಾಗಿ ವಿಂಗಡಿಸಿತು. 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನವೂ ಇದೇ ಕ್ರಮವನ್ನು ಅನುಸರಿಸಿತು. ಸಂವಿಧಾನದ 246ನೆಯ ಅನುಚ್ಛೇದ ಮತ್ತು ಏಳನೆಯ ಅನುಸೂಚಿಯಲ್ಲಿ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂಬ ಮೂರು ಪಟ್ಟಿಗಳಿವೆ.

ರಾಜ್ಯ ಪಟ್ಟಿಯಲ್ಲಿ ರೈತನಿಗೆ ಸಂಬಂಧಪಟ್ಟ ವಿಷಯಗಳೇ ಬಹಳ. 14ನೆಯ ನಮೂದು ಕೃಷಿ, ಕೃಷಿ ಶಿಕ್ಷಣ, ಸಂಶೋಧನೆ, ಕೀಟ ಮತ್ತು ಸಸ್ಯರೋಗಗಳಿಂದ ರಕ್ಷಣೆಗೆ ಸೇರಿದ್ದು. ಪಶುಪಾಲನೆ 15ರಲ್ಲಿ, ನೀರಾವರಿ ಮತ್ತು ನಾಲೆಗಳು 17ರಲ್ಲಿ, ಭೂಮಿ ಮತ್ತು ಗೇಣಿ 18ರಲ್ಲಿ, ಮಾರುಕಟ್ಟೆ ಮತ್ತು ಸಂತೆಗಳು 28ರಲ್ಲಿ, ಲೇವಾದೇವಿ ಮತ್ತು ರೈತರ ಋಣಭಾರ 30ರಲ್ಲಿ, ಸಹಕಾರ ಸಂಘಗಳು 32ರಲ್ಲಿ ಬರುತ್ತವೆ. ಭೂಕಂದಾಯ ಮತ್ತು ಕೃಷಿ ಆದಾಯದ ಮೇಲಿನ ತೆರಿಗೆಯೂ ರಾಜ್ಯಕ್ಕೆ ಸೇರಿದವು.

ಕೇಂದ್ರ ಪಟ್ಟಿಯಲ್ಲಿ ವಿದೇಶ ವ್ಯಾಪಾರ, ಆಮದು ರಫ್ತಿನ ಸುಂಕ, ರಾಜ್ಯ ರಾಜ್ಯಗಳ ನಡುವಣ ವ್ಯಾಪಾರ, ಬ್ಯಾಂಕ್ ವ್ಯವಹಾರ, ಅಂತರರಾಜ್ಯ ನದಿಗಳ ನಿಯಂತ್ರಣ ಮುಂತಾದವು ಇವೆ.

ಎರಡೂ ಸರ್ಕಾರಗಳು ಕಾನೂನು ಮಾಡಬಹುದಾದ ವಿಷಯಗಳು ಸಮವರ್ತಿ ಪಟ್ಟಿಯಲ್ಲಿವೆ. ಬೆಲೆ ನಿಯಂತ್ರಣ, ವಿದ್ಯುಚ್ಛಕ್ತಿ ಇದರಲ್ಲಿವೆ. 1976ರ 42ನೆಯ ತಿದ್ದುಪಡಿಯಿಂದ ಅರಣ್ಯ ಮತ್ತು ವನ್ಯಪ್ರಾಣಿ ರಕ್ಷಣೆಯೂ ರಾಜ್ಯ ಪಟ್ಟಿಯಿಂದ ಇಲ್ಲಿಗೆ ಬಂದವು. 33ನೆಯ ನಮೂದನ್ನು ರೈತರು ವಿಶೇಷವಾಗಿ ನೆನಪಿಟ್ಟುಕೊಳ್ಳಬೇಕು. 1954ರ ಮೂರನೆಯ ತಿದ್ದುಪಡಿಯಿಂದ ಆಹಾರ ಪದಾರ್ಥ, ಎಣ್ಣೆಕಾಳು, ಖಾದ್ಯ ತೈಲ, ಹಿಂಡಿ, ಮೇವು, ಕಚ್ಚಾ ಹತ್ತಿ ಮತ್ತು ಕಚ್ಚಾ ಸೆಣಬಿನ ವ್ಯಾಪಾರ, ಸರಬರಾಜುಗಳು ಈ ನಮೂದಿಗೆ ಸೇರಿದವು. ಬೆಳೆಯುವುದು ರಾಜ್ಯದ ವಿಷಯವಾಗಿ ಉಳಿಯಿತು. ಬೆಳೆದ ಆಹಾರ ಪದಾರ್ಥದ ವ್ಯಾಪಾರದಲ್ಲಿ ಕೇಂದ್ರಕ್ಕೂ ಪಾಲು ದೊರೆಯಿತು. ಮುಂದೆ ಹುಟ್ಟಿದ ಬಹಳಷ್ಟು ವಿವಾದಗಳ ಬೇರು ಇಲ್ಲಿದೆ.

ಸಮವರ್ತಿ ಪಟ್ಟಿಯ ವಿಷಯದಲ್ಲಿ ಎರಡು ಸರ್ಕಾರಗಳ ಕಾನೂನುಗಳಿಗೆ ಘರ್ಷಣೆಯಾದರೆ 254ನೆಯ ಅನುಚ್ಛೇದದಂತೆ ಕೇಂದ್ರದ ಕಾನೂನೇ ನಿಲ್ಲುತ್ತದೆ. ರಾಜ್ಯದ ಕಾನೂನಿಗೆ ರಾಷ್ಟ್ರಪತಿಗಳ ಒಪ್ಪಿಗೆ ದೊರೆತಿದ್ದರೆ ಆ ರಾಜ್ಯದ ಮಟ್ಟಿಗೆ ಅದು ನಡೆಯುತ್ತದೆ.

ಬೀಜ, ಗೊಬ್ಬರ, ಔಷಧ

ಬಿತ್ತನೆ ಬೀಜಕ್ಕೆ 1966ರ ಬೀಜ ಕಾಯ್ದೆ, ಕೀಟನಾಶಕಕ್ಕೆ 1968ರ ಕೀಟನಾಶಕ ಕಾಯ್ದೆ, ರಸಗೊಬ್ಬರಕ್ಕೆ 1955ರ ಅವಶ್ಯ ವಸ್ತುಗಳ ಕಾಯ್ದೆಯ ಕೆಳಗೆ ಹೊರಡಿಸಿದ 1985ರ ರಸಗೊಬ್ಬರ ನಿಯಂತ್ರಣ ಆದೇಶ ಇವೆ. ಇವೆಲ್ಲ ಕೇಂದ್ರದವು. ಇವನ್ನು ಊರಿನ ಮಟ್ಟದಲ್ಲಿ ಜಾರಿಗೆ ತರುವವರು ಮಾತ್ರ ರಾಜ್ಯದ ಕೃಷಿ ಇಲಾಖೆಯ ಅಧಿಕಾರಿಗಳು. ಅಂಗಡಿಗೆ ಲೈಸೆನ್ಸ್ ಕೊಡುವುದು, ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುವುದು, ಕಳಪೆ ಎಂದು ಕಂಡುಬಂದರೆ ಮೊಕದ್ದಮೆ ಹೂಡುವುದು ಅವರ ಕೆಲಸ.

ಯೂರಿಯಾದ ಮಾರಾಟ ದರವನ್ನು ಕೇಂದ್ರ ಗೊತ್ತುಮಾಡುತ್ತದೆ. ಯಾವ ರಾಜ್ಯಕ್ಕೆ ಯಾವ ತಿಂಗಳು ಎಷ್ಟು ಗೊಬ್ಬರ ಎಂಬ ಹಂಚಿಕೆಯನ್ನೂ ಅದೇ ಮಾಡುತ್ತದೆ. ರಾಜ್ಯಕ್ಕೆ ಬಂದ ಗೊಬ್ಬರವನ್ನು ಜಿಲ್ಲೆಗಳಿಗೆ ಹಂಚುವುದು, ಕಾಳಸಂತೆ ತಡೆಯುವುದು ರಾಜ್ಯದ ಹೊಣೆ. ಆದ್ದರಿಂದ ಇಡೀ ರಾಜ್ಯದಲ್ಲೇ ಗೊಬ್ಬರದ ಅಭಾವವಿದ್ದರೆ ಕಾರಣವನ್ನು ಕೇಂದ್ರದ ಹಂಚಿಕೆಯಲ್ಲಿ ಹುಡುಕಬೇಕು. ಪಕ್ಕದ ತಾಲ್ಲೂಕಿನಲ್ಲಿ ಸಿಗುವ ಗೊಬ್ಬರ ತಮ್ಮಲ್ಲಿ ಸಿಗದಿದ್ದರೆ, ಅಥವಾ ಚೀಲದ ಮೇಲಿನ ದರಕ್ಕಿಂತ ಹೆಚ್ಚು ಹಣ ಕೇಳಿದರೆ, ದೂರನ್ನು ರೈತ ಸಂಪರ್ಕ ಕೇಂದ್ರಕ್ಕೂ ಸಹಾಯಕ ಕೃಷಿ ನಿರ್ದೇಶಕರಿಗೂ ಕೊಡಬೇಕು. ಬೀಜ ಮೊಳೆಯದಿದ್ದಾಗಲೂ ಹೀಗೆಯೇ. ಬಿಲ್ಲು ಮತ್ತು ಚೀಟಿ ಕೈಯಲ್ಲಿದ್ದರೆ ಮಾತ್ರ ದೂರಿಗೆ ಬಲ ಬರುತ್ತದೆ.

ನದಿಯ ನೀರು

ನೀರು ರಾಜ್ಯ ಪಟ್ಟಿಯಲ್ಲಿದ್ದರೂ ಕೇಂದ್ರ ಪಟ್ಟಿಯ 56ನೆಯ ನಮೂದಿಗೆ ಅಧೀನವಾಗಿದೆ. ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಹರಿಯುವ ನದಿಯ ವಿವಾದವನ್ನು 262ನೆಯ ಅನುಚ್ಛೇದ ಮತ್ತು 1956ರ ಅಂತರರಾಜ್ಯ ನದಿ ನೀರಿನ ವಿವಾದಗಳ ಕಾಯ್ದೆಯಂತೆ ನ್ಯಾಯಮಂಡಳಿಗೆ ಒಪ್ಪಿಸಬೇಕಾಗುತ್ತದೆ.

ಇದಕ್ಕೆ ಕಾವೇರಿಗಿಂತ ಹತ್ತಿರದ ಉದಾಹರಣೆ ಬೇಕಿಲ್ಲ. 1990ರಲ್ಲಿ ರಚಿತವಾದ ನ್ಯಾಯಮಂಡಳಿ 2007ರ ಫೆಬ್ರವರಿಯಲ್ಲಿ ಅಂತಿಮ ತೀರ್ಪು ಕೊಟ್ಟಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಮಾರ್ಪಡಿಸಿ, ವಾಡಿಕೆ ಮಳೆಯ ವರ್ಷದ 740 ಟಿ.ಎಂ.ಸಿ. ನೀರಿನಲ್ಲಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7 ಟಿ.ಎಂ.ಸಿ. ಎಂದು ನಿಗದಿ ಮಾಡಿತು. ಬಿಳಿಗುಂಡ್ಲುವಿನಲ್ಲಿ ಕರ್ನಾಟಕ ಬಿಡಬೇಕಾದ ನೀರು 177.25 ಟಿ.ಎಂ.ಸಿ. ಆ ವರ್ಷದ ಜೂನಿನಲ್ಲಿ ರಚಿತವಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಇದರ ಪಾಲನೆಯನ್ನು ನೋಡಿಕೊಳ್ಳುತ್ತದೆ.

ಆದ್ದರಿಂದ ಕೃಷ್ಣರಾಜಸಾಗರದಲ್ಲಿ ನೀರಿದ್ದರೂ ಅದರಲ್ಲಿ ಎಷ್ಟನ್ನು ಉಳಿಸಿಕೊಳ್ಳಬಹುದು ಎಂಬುದು ರಾಜ್ಯವೊಂದೇ ತೀರ್ಮಾನಿಸುವ ವಿಷಯವಲ್ಲ. ಮಳೆ ಕಡಿಮೆಯಾದ 2023ರಲ್ಲಿ ನೀರು ಬಿಡುವ ಆದೇಶ ಬಂದಾಗ ಮಂಡ್ಯದ ರೈತರು ಬೀದಿಗಿಳಿದದ್ದು ಎಲ್ಲರಿಗೂ ನೆನಪಿರಬಹುದು. ಆದರೆ ರಾಜ್ಯದ ಪಾಲಿಗೆ ಉಳಿದ ನೀರನ್ನು ಯಾವ ನಾಲೆಗೆ, ಯಾವ ದಿನದಿಂದ, ಎಷ್ಟು ಸರದಿಯಲ್ಲಿ ಬಿಡಬೇಕು ಎಂಬುದು ಪೂರ್ತಿಯಾಗಿ ರಾಜ್ಯದ ನೀರಾವರಿ ಸಲಹಾ ಸಮಿತಿ ಮತ್ತು ನೀರಾವರಿ ನಿಗಮಗಳ ಕೆಲಸ. ನಾಲೆಯ ಕೊನೆಯ ಭಾಗದ ರೈತರಿಗೆ ನೀರು ತಲುಪದಿದ್ದರೆ ಅದಕ್ಕೆ ದೆಹಲಿಯನ್ನು ದೂರಿ ಪ್ರಯೋಜನವಿಲ್ಲ.

ಮಾರುಕಟ್ಟೆ: ಎರಡು ಪಾಠಗಳು

ಮಾರುಕಟ್ಟೆ ರಾಜ್ಯ ಪಟ್ಟಿಯಲ್ಲಿದೆ. ಕರ್ನಾಟಕದ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳು ರಾಜ್ಯದ 1966ರ ಕಾಯ್ದೆಯ ಕೆಳಗೆ ನಡೆಯುತ್ತವೆ. ಆದರೆ 33ನೆಯ ನಮೂದು ಮತ್ತು ಕೇಂದ್ರದ ಇತರ ಕಾಯ್ದೆಗಳು ಇದರ ಗಡಿಯನ್ನು ಮತ್ತೆ ಮತ್ತೆ ಪರೀಕ್ಷಿಸಿವೆ.

ಮೊದಲ ಪಾಠ ತಂಬಾಕಿನದು. 1975ರ ತಂಬಾಕು ಮಂಡಳಿ ಕಾಯ್ದೆ ಕೇಂದ್ರದ್ದು. ಮಂಡಳಿಯ ನಿಯಂತ್ರಣವಿರುವ ತಂಬಾಕಿನ ಮೇಲೆ ರಾಜ್ಯದ ಮಾರುಕಟ್ಟೆ ಸಮಿತಿ ಶುಲ್ಕ ವಸೂಲಿ ಮಾಡಬಹುದೇ ಎಂಬ ಪ್ರಶ್ನೆ ಎದ್ದಿತು. ಕರ್ನಾಟಕದ ಮೊಕದ್ದಮೆಯಲ್ಲಿ 1985ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೇಂದ್ರದ ಕಾಯ್ದೆಯೇ ಮೇಲು ಎಂದಿತು. ಆದರೆ 2002ರಲ್ಲಿ ಐವರು ನ್ಯಾಯಾಧೀಶರ ಪೀಠ ಬಹುಮತದಿಂದ ಆ ತೀರ್ಪನ್ನು ತಳ್ಳಿಹಾಕಿ ಮಾರುಕಟ್ಟೆಯ ಮೇಲಿನ ರಾಜ್ಯದ ಅಧಿಕಾರವನ್ನು ಎತ್ತಿಹಿಡಿಯಿತು.

ಎರಡನೆಯ ಪಾಠ ಇಡೀ ದೇಶಕ್ಕೆ ಗೊತ್ತಿರುವುದು. 2020ರ ಜೂನ್ 5ರಂದು ಕೇಂದ್ರ ಮೂರು ಕೃಷಿ ಸುಗ್ರೀವಾಜ್ಞೆಗಳನ್ನು ಹೊರಡಿಸಿತು. ಸೆಪ್ಟೆಂಬರಿನಲ್ಲಿ ಅವು ಕಾಯ್ದೆಗಳಾದವು. ಮಾರುಕಟ್ಟೆ ಪ್ರಾಂಗಣದ ಹೊರಗೆ ರಾಜ್ಯದ ಶುಲ್ಕವಿಲ್ಲದೆ ವ್ಯಾಪಾರಕ್ಕೆ ಅವಕಾಶ ಕೊಡುವುದು ಅವುಗಳಲ್ಲಿ ಒಂದರ ಉದ್ದೇಶ. 33ನೆಯ ನಮೂದು ತನಗೆ ಅಧಿಕಾರ ಕೊಟ್ಟಿದೆ ಎಂಬುದು ಕೇಂದ್ರದ ವಾದ. ಕೃಷಿ ಮತ್ತು ಮಾರುಕಟ್ಟೆ ತಮ್ಮ ಪಟ್ಟಿಯವು, ತಮ್ಮನ್ನು ಕೇಳದೆ ಕಾನೂನು ಮಾಡಲಾಗಿದೆ ಎಂಬುದು ಪಂಜಾಬ್ ಮೊದಲಾದ ರಾಜ್ಯಗಳ ವಾದ. ದೆಹಲಿಯ ಗಡಿಯಲ್ಲಿ ರೈತರ ಚಳವಳಿ ಒಂದು ವರ್ಷ ನಡೆಯಿತು. 2021ರ ಜನವರಿ 12ರಂದು ಸರ್ವೋಚ್ಚ ನ್ಯಾಯಾಲಯ ಕಾಯ್ದೆಗಳಿಗೆ ತಡೆ ನೀಡಿತು. ನವೆಂಬರ್ 29ರಂದು ಸಂಸತ್ತು ಅವನ್ನು ರದ್ದುಮಾಡುವ ಮಸೂದೆಯನ್ನು ಅಂಗೀಕರಿಸಿತು. ಹೀಗಾಗಿ ಕೇಂದ್ರಕ್ಕೆ ಆ ಅಧಿಕಾರ ಇತ್ತೇ ಇಲ್ಲವೇ ಎಂಬ ಮೂಲ ಪ್ರಶ್ನೆಗೆ ನ್ಯಾಯಾಲಯದ ಉತ್ತರ ದೊರೆಯದೆ ಉಳಿಯಿತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಕರ್ನಾಟಕ ಸರ್ಕಾರ 2020ರಲ್ಲಿಯೇ ತನ್ನ ಮಾರುಕಟ್ಟೆ ಕಾಯ್ದೆಗೆ ಪ್ರತ್ಯೇಕವಾಗಿ ತಿದ್ದುಪಡಿ ತಂದಿತ್ತು. ಕೇಂದ್ರದ ಕಾಯ್ದೆ ರದ್ದಾದ ಮಾತ್ರಕ್ಕೆ ರಾಜ್ಯದ ತಿದ್ದುಪಡಿ ರದ್ದಾಗಲಿಲ್ಲ. 'ಕೃಷಿ ಕಾಯ್ದೆ ಹೋಯಿತು' ಎಂದು ನಂಬಿದ ಎಷ್ಟೋ ರೈತರಿಗೆ ಈ ವ್ಯತ್ಯಾಸ ತಿಳಿದಿರಲಿಲ್ಲ.

ಬೆಲೆ ನಿಗದಿ ಯಾರದು?

ಬೆಂಬಲ ಬೆಲೆಯನ್ನು ಘೋಷಿಸುವುದು ಕೇಂದ್ರ. 1965ರಲ್ಲಿ ಕೃಷಿ ಬೆಲೆ ಆಯೋಗ ಎಂದು ಹುಟ್ಟಿದ ಸಂಸ್ಥೆ 1985ರಿಂದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಎಂಬ ಹೆಸರಿನಲ್ಲಿ ಇದಕ್ಕೆ ಶಿಫಾರಸು ಮಾಡುತ್ತದೆ. ರಾಜ್ಯಗಳು ತಮ್ಮ ಖರ್ಚಿನ ಲೆಕ್ಕವನ್ನೂ ಸಲಹೆಯನ್ನೂ ಆಯೋಗಕ್ಕೆ ಕಳುಹಿಸಬಹುದು. ಕರ್ನಾಟಕದಲ್ಲಿ ಈ ಅಧ್ಯಯನಕ್ಕಾಗಿ 2014ರಲ್ಲಿ ಕೃಷಿ ಬೆಲೆ ಆಯೋಗವನ್ನು ರಚಿಸಲಾಯಿತು. ಖರೀದಿ ಕೇಂದ್ರ ತೆರೆಯುವುದು, ರೈತರನ್ನು ನೋಂದಾಯಿಸುವುದು, ಗೋಣಿಚೀಲ ಒದಗಿಸುವುದು ರಾಜ್ಯದ ಸಂಸ್ಥೆಗಳ ಕೆಲಸ. ಎಷ್ಟು ಪ್ರಮಾಣ ಖರೀದಿಸಬಹುದು ಎಂಬುದಕ್ಕೆ ಕೇಂದ್ರದ ಒಪ್ಪಿಗೆ ಬೇಕು. 2025-26ರ ಹಂಗಾಮಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ ಎಂದು ಕೇಂದ್ರ ಘೋಷಿಸಿತು. ಆದರೆ ಖರೀದಿ ಕೇಂದ್ರ ತಡವಾಗಿ ತೆರೆದರೆ ಆ ಬೆಲೆ ಕಾಗದದಲ್ಲೇ ಉಳಿಯುತ್ತದೆ. ಕಣದಲ್ಲಿ ರಾಶಿ ಹಾಕಿ ಕಾಯಲಾಗದ ಸಣ್ಣ ರೈತ ಸಿಕ್ಕ ಬೆಲೆಗೆ ಮಾರಿಬಿಡುತ್ತಾನೆ.

ರಾಜ್ಯ ತನ್ನ ಬೊಕ್ಕಸದಿಂದ ಪ್ರೋತ್ಸಾಹಧನ ಸೇರಿಸಬಹುದು. 2024-25ರಲ್ಲಿ ತೊಗರಿಗೆ ಕೇಂದ್ರ ಗೊತ್ತುಮಾಡಿದ 7,550 ರೂಪಾಯಿಗೆ ಕರ್ನಾಟಕ 450 ಸೇರಿಸಿ 8,000 ಮಾಡಿತು.

ಕಬ್ಬಿನಲ್ಲಿ ಹಂಚಿಕೆ ಇನ್ನೂ ಸೂಕ್ಷ್ಮ. 1966ರ ಕಬ್ಬು ನಿಯಂತ್ರಣ ಆದೇಶದ ಕೆಳಗೆ ಕೇಂದ್ರ ನ್ಯಾಯಯುತ ಮತ್ತು ಲಾಭದಾಯಕ ಬೆಲೆಯನ್ನು ಗೊತ್ತುಮಾಡುತ್ತದೆ. 2025-26ರ ಸಾಲಿಗೆ ಶೇಕಡ 10.25 ಇಳುವರಿಗೆ ಅದು ಕ್ವಿಂಟಾಲಿಗೆ 355 ರೂಪಾಯಿ. ಉತ್ತರ ಪ್ರದೇಶ ಇದಕ್ಕಿಂತ ಹೆಚ್ಚಿನ ಬೆಲೆಯನ್ನು ತಾನೇ ಘೋಷಿಸುತ್ತ ಬಂದಿದೆ. ಕೇಂದ್ರದ ಕನಿಷ್ಠ ಬೆಲೆಗಿಂತ ಹೆಚ್ಚು ಗೊತ್ತುಮಾಡಲು ರಾಜ್ಯಕ್ಕೆ ಅಧಿಕಾರವಿದೆ ಎಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಹೇಳಿ 2020ರಲ್ಲಿ ಅದನ್ನೇ ದೃಢಪಡಿಸಿತು. ಕಾರ್ಖಾನೆಯ ಕೊಡುವ ಶಕ್ತಿ ಮಾತ್ರ ಕೇಂದ್ರದ ತೀರ್ಮಾನಗಳನ್ನು ಅವಲಂಬಿಸಿದೆ. ಸಕ್ಕರೆಯ ಕನಿಷ್ಠ ಮಾರಾಟ ದರ, ರಫ್ತಿನ ಅನುಮತಿ, ಎಥನಾಲ್ ದರ ಇವು ಮೂರೂ ದೆಹಲಿಯಲ್ಲಿ ತೀರ್ಮಾನವಾಗುತ್ತವೆ. 2025ರ ನವೆಂಬರಿನಲ್ಲಿ ಬೆಳಗಾವಿ ಭಾಗದ ಕಬ್ಬು ಬೆಳೆಗಾರರು ಚಳವಳಿ ಹೂಡಿದಾಗ ರಾಜ್ಯ ಸರ್ಕಾರ ಟನ್ನಿಗೆ 3,300 ರೂಪಾಯಿ ಎಂದು ತೀರ್ಮಾನಿಸುವುದರ ಜೊತೆಗೆ ಕೇಂದ್ರದ ಕಡೆಗೂ ಬೆರಳು ಮಾಡಿದ್ದಕ್ಕೆ ಕಾರಣ ಇದೇ.

ರಫ್ತಿನ ವಿಷಯದಲ್ಲಿ ಬೆಂಗಳೂರು ಗುಲಾಬಿ ಈರುಳ್ಳಿಯ ಕಥೆಯನ್ನು ನೋಡಬಹುದು. ಚಿಕ್ಕಬಳ್ಳಾಪುರ, ಕೋಲಾರ ಭಾಗದ ಈ ಸಣ್ಣ ಈರುಳ್ಳಿಗೆ ಮುಖ್ಯ ಗಿರಾಕಿಗಳು ಹೊರದೇಶದವರು. ಊರಿನ ಅಡುಗೆಗೆ ಇದರ ಬಳಕೆ ಕಡಿಮೆ. 2023ರ ಆಗಸ್ಟಿನಲ್ಲಿ ದೇಶದಲ್ಲಿ ಈರುಳ್ಳಿ ಬೆಲೆ ಏರದಂತೆ ಕೇಂದ್ರ ಶೇಕಡ 40 ರಫ್ತು ಸುಂಕ ಹಾಕಿದಾಗ ಈ ತಳಿಗೂ ಅದು ಅನ್ವಯಿಸಿತು. ಸೆಪ್ಟೆಂಬರಿನಲ್ಲಿ ವಿನಾಯಿತಿ ದೊರೆಯಿತು. ಸರಕು ನಿಜವಾಗಿಯೂ ಗುಲಾಬಿ ಈರುಳ್ಳಿಯೇ ಎಂದು ರಾಜ್ಯದ ತೋಟಗಾರಿಕೆ ಆಯುಕ್ತರು ಪ್ರಮಾಣಪತ್ರ ಕೊಡಬೇಕೆಂಬುದು ಷರತ್ತು. ಡಿಸೆಂಬರ್ 8ರಂದು ಈರುಳ್ಳಿ ರಫ್ತೇ ನಿಷೇಧವಾಯಿತು. 2024ರ ಮೇ ತಿಂಗಳಲ್ಲಿ ನಿಷೇಧ ತೆರವಾಗಿ, ಅದೇ ತಿಂಗಳ ಕೊನೆಗೆ ಈ ತಳಿಗೆ ಮತ್ತೆ ಸುಂಕದ ವಿನಾಯಿತಿ ಬಂತು. ಸುಂಕ ಹಾಕುವ ಅಧಿಕಾರ ಕೇಂದ್ರದ್ದೇ. ಆದರೆ ಯಾವ ತಾಲ್ಲೂಕಿನಲ್ಲಿ ಯಾವ ತಳಿ ಬೆಳೆಯುತ್ತದೆ ಎಂಬ ಅರಿವು ಇರುವುದು ರಾಜ್ಯಕ್ಕೆ. ಇವೆರಡೂ ಕೂಡಿಬರುವಷ್ಟರಲ್ಲಿ ಗೆಡ್ಡೆ ಕೊಳೆಯುವ ಬೆಳೆಯಲ್ಲಿ ನಷ್ಟ ರೈತನಿಗೇ ಉಳಿಯುತ್ತದೆ.

ಸಾಲ ಮತ್ತು ಸಹಕಾರ

ವಾಣಿಜ್ಯ ಬ್ಯಾಂಕುಗಳು ಕೇಂದ್ರ ಪಟ್ಟಿಗೆ ಸೇರಿದವು. ರಿಸರ್ವ್ ಬ್ಯಾಂಕಿನ ನಿಯಮಗಳೇ ಅವುಗಳಿಗೆ ಆಧಾರ. ಗ್ರಾಮದ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ ರಾಜ್ಯದ ಸಹಕಾರ ಕಾಯ್ದೆಯ ಕೆಳಗೆ ನಡೆಯುತ್ತದೆ. ರಾಜ್ಯ ಸರ್ಕಾರ ಸಹಕಾರ ಸಂಘದ ಸಾಲದ ಬಡ್ಡಿ ಮನ್ನಾ ಮಾಡಿದರೆ ಬ್ಯಾಂಕಿನ ಸಾಲಕ್ಕೂ ಅದು ತಾನಾಗಿ ಅನ್ವಯಿಸುವುದಿಲ್ಲ ಎಂಬುದನ್ನು ರೈತರು ತಿಳಿಯಬೇಕು.

ಸಹಕಾರ ಸಂಘಗಳ ಆಡಳಿತಕ್ಕೆ ದೇಶಕ್ಕೆಲ್ಲ ಒಂದೇ ಚೌಕಟ್ಟು ಹಾಕಲು 2011ರಲ್ಲಿ 97ನೆಯ ತಿದ್ದುಪಡಿ ತರಲಾಯಿತು. ಸಹಕಾರ ರಾಜ್ಯದ ವಿಷಯವಾದ್ದರಿಂದ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳು ಅದನ್ನು ಅನುಮೋದಿಸಬೇಕಾಗಿತ್ತು. ಅನುಮೋದನೆ ಪಡೆಯದ ಕಾರಣ 2021ರ ಜುಲೈ 20ರಂದು ಸರ್ವೋಚ್ಚ ನ್ಯಾಯಾಲಯ ರಾಜ್ಯಗಳ ಸಂಘಗಳ ಮಟ್ಟಿಗೆ ಅದನ್ನು ಅಸಿಂಧುಗೊಳಿಸಿತು. ಹಲವು ರಾಜ್ಯಗಳಲ್ಲಿ ವ್ಯವಹರಿಸುವ ಸಂಘಗಳಿಗೆ ಮಾತ್ರ ಅದು ಉಳಿಯಿತು.

ಬರ ಪರಿಹಾರ ಮತ್ತು ಬೆಳೆ ವಿಮೆ

ಅಧಿಕಾರ ಹಂಚಿಕೆಯ ಬಿಸಿ ರೈತನಿಗೆ ನೇರವಾಗಿ ತಟ್ಟುವುದು ಬರಗಾಲದಲ್ಲಿ. ತಾಲ್ಲೂಕು ಬರಪೀಡಿತ ಎಂದು ಘೋಷಿಸುವುದು ರಾಜ್ಯ. ಅದಕ್ಕೆ ಅನುಸರಿಸಬೇಕಾದ ಮಳೆ, ಬೆಳೆ, ತೇವಾಂಶಗಳ ಅಳತೆಗೋಲನ್ನು ಗೊತ್ತುಮಾಡಿರುವುದು ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರ 75 ಪಾಲು, ರಾಜ್ಯ 25 ಪಾಲು ಹಾಕುತ್ತವೆ. ಅದು ಸಾಲದಿದ್ದರೆ ರಾಜ್ಯ ಮನವಿ ಸಲ್ಲಿಸಬೇಕು, ಕೇಂದ್ರ ತಂಡ ಬಂದು ನೋಡಬೇಕು, ಕೇಂದ್ರದ ಉನ್ನತ ಮಟ್ಟದ ಸಮಿತಿ ಒಪ್ಪಬೇಕು. ಆಮೇಲೆ ರಾಷ್ಟ್ರೀಯ ನಿಧಿಯಿಂದ ಹಣ ಬರುತ್ತದೆ.

2023ರ ಮುಂಗಾರಿನಲ್ಲಿ ಆದದ್ದನ್ನು ನೋಡಿ. ರಾಜ್ಯ ಸರ್ಕಾರ ಸೆಪ್ಟೆಂಬರಿನಿಂದ ಹಂತಹಂತವಾಗಿ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಿ 18,171 ಕೋಟಿ ರೂಪಾಯಿ ಕೇಳಿತು. ಹಣ ಬರಲಿಲ್ಲವೆಂದು 2024ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಏಪ್ರಿಲ್ ಕೊನೆಯಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಅಷ್ಟರಲ್ಲಿ ರಾಜ್ಯ ಮೊದಲ ಕಂತಾಗಿ ಅರ್ಹ ರೈತನಿಗೆ ಗರಿಷ್ಠ 2,000 ರೂಪಾಯಿ ಹಂಚಿತ್ತು. ಯಾರ ವಾದ ಸರಿ ಎಂಬುದು ಬೇರೆ ವಿಷಯ. ಜೂನಿನಲ್ಲಿ ಬಿತ್ತಿ ಕಳೆದುಕೊಂಡವನಿಗೆ ಪೂರ್ತಿ ಪರಿಹಾರ ದಕ್ಕುವ ಹೊತ್ತಿಗೆ ಮುಂದಿನ ವರ್ಷದ ಬಿತ್ತನೆ ಬಾಗಿಲಿಗೆ ಬಂದಿತ್ತು. 2022ರಿಂದ 2026ರವರೆಗಿನ ನಿಯಮದಂತೆ ಶೇಕಡ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದಾಗ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಮಿತಿ ಎರಡು ಹೆಕ್ಟೇರ್.

2016ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ ಕೇಂದ್ರದ್ದು. ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ರೈತ ಕಟ್ಟುವ ಕಂತು ಮುಂಗಾರಿನಲ್ಲಿ ಶೇಕಡ 2, ಹಿಂಗಾರಿನಲ್ಲಿ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ 5. ಉಳಿದ ಕಂತನ್ನು ಎರಡು ಸರ್ಕಾರಗಳು ಹಂಚಿಕೊಂಡು ತುಂಬಬೇಕು. ಯಾವ ಬೆಳೆ, ಯಾವ ಪ್ರದೇಶ ಎಂಬ ಅಧಿಸೂಚನೆ, ಕಂಪನಿಯ ಆಯ್ಕೆ, ಬೆಳೆ ಕಟಾವು ಪ್ರಯೋಗ ಇವು ರಾಜ್ಯದ ಕೆಲಸ. ಸರ್ಕಾರದ ಪಾಲು ತಡವಾದರೆ ರೈತನ ಹಣವೂ ತಡವಾಗುತ್ತದೆ.

ಹಣದ ಹರಿವು

ಹೆಚ್ಚು ಹುಟ್ಟುವಳಿಯ ತೆರಿಗೆಗಳು ಕೇಂದ್ರದ ಕೈಯಲ್ಲಿವೆ. ಹೊಲ, ನಾಲೆ, ಪಶುವೈದ್ಯ ಶಾಲೆಗಳ ಖರ್ಚು ರಾಜ್ಯದ ಮೇಲಿದೆ. ಈ ಅಂತರ ತುಂಬಲು 280ನೆಯ ಅನುಚ್ಛೇದದಂತೆ ಹಣಕಾಸು ಆಯೋಗ ರಚಿತವಾಗುತ್ತದೆ. ಕೇಂದ್ರ ತೆರಿಗೆಗಳಲ್ಲಿ ಹಂಚತಕ್ಕ ಮೊತ್ತದ ಶೇಕಡ 42ನ್ನು ರಾಜ್ಯಗಳಿಗೆ ಕೊಡಬೇಕೆಂದು 14ನೆಯ ಆಯೋಗವೂ, ಶೇಕಡ 41ನ್ನು ಕೊಡಬೇಕೆಂದು 15ನೆಯ ಆಯೋಗವೂ ಹೇಳಿದವು. ಅದರಲ್ಲಿ ಕರ್ನಾಟಕದ ಪಾಲು 14ನೆಯ ಆಯೋಗದಲ್ಲಿ ಶೇಕಡ 4.713 ಇದ್ದದ್ದು 2021ರಿಂದ 2026ರ ಅವಧಿಗೆ 3.647ಕ್ಕೆ ಇಳಿಯಿತು. ಸೆಸ್ ಮತ್ತು ಸರ್‌ಚಾರ್ಜ್‌ಗಳು ಈ ಹಂಚಿಕೆಗೆ ಬರುವುದಿಲ್ಲ. 2021ರಲ್ಲಿ ಕೃಷಿಯ ಹೆಸರಿನಲ್ಲೇ ಹಾಕಿದ ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ ಕೂಡ ಇಂಥದ್ದೇ.

ಕೇಂದ್ರದ ಪ್ರಮುಖ ಕೃಷಿ ಯೋಜನೆಗಳಲ್ಲಿ ಸಾಮಾನ್ಯವಾಗಿ ಖರ್ಚಿನ 60 ಪಾಲು ಕೇಂದ್ರದ್ದು, 40 ಪಾಲು ರಾಜ್ಯದ್ದು. ರಾಜ್ಯ ತನ್ನ 40ನ್ನು ಒದಗಿಸದಿದ್ದರೆ ಕೇಂದ್ರದ 60 ಬಳಕೆಯಾಗದೆ ನಿಲ್ಲುತ್ತದೆ. ಆದರೆ ಯೋಜನೆಯ ಷರತ್ತುಗಳನ್ನು ಬರೆಯುವುದು ಕೇಂದ್ರ. ಹಣದ ಮೂಲಕ ರಾಜ್ಯ ಪಟ್ಟಿಯ ವಿಷಯಗಳಲ್ಲೂ ಕೇಂದ್ರದ ಮಾತು ನಡೆಯುವುದು ಹೀಗೆ.

ಅಧಿಕಾರ ಯಾವ ಕಡೆಗೆ ಹೆಚ್ಚಬೇಕು?

ಕೃಷಿಯನ್ನು ಸಮವರ್ತಿ ಪಟ್ಟಿಗೆ ಸೇರಿಸಬೇಕೆಂದು ಡಾ. ಎಂ. ಎಸ್. ಸ್ವಾಮಿನಾಥನ್ ಅಧ್ಯಕ್ಷತೆಯ ರಾಷ್ಟ್ರೀಯ ರೈತರ ಆಯೋಗ 2006ರಲ್ಲಿ ಸಲಹೆ ಮಾಡಿತ್ತು. ಬೆಲೆ, ಸಾಲ, ವಿದೇಶ ವ್ಯಾಪಾರ ಹೇಗೂ ಕೇಂದ್ರದ ಕೈಯಲ್ಲಿವೆ. ರೈತನ ಹೊಣೆಯನ್ನೂ ಅದು ಹೊರಲಿ ಎಂಬುದು ಈ ವಾದದ ತಿರುಳು. ಕೀಟಕ್ಕೂ ರೋಗಕ್ಕೂ ರಾಜ್ಯದ ಗಡಿ ಇಲ್ಲ, ದೇಶವೆಲ್ಲ ಒಂದೇ ಮಾರುಕಟ್ಟೆಯಾದರೆ ರೈತನಿಗೆ ಗಿರಾಕಿಗಳು ಹೆಚ್ಚುತ್ತಾರೆ ಎಂದೂ ಹೇಳಲಾಗುತ್ತದೆ.

ಎದುರು ವಾದಕ್ಕೂ ತೂಕವಿದೆ. ಕೊಡಗಿನ ಕಾಫಿ, ಕಲಬುರಗಿಯ ತೊಗರಿ, ಶಿವಮೊಗ್ಗದ ಅಡಿಕೆ, ತುಮಕೂರಿನ ರಾಗಿ ಒಂದೇ ರಾಜ್ಯದಲ್ಲಿದ್ದರೂ ಬೇರೆ ಬೇರೆ ಆರೈಕೆ ಬೇಡುತ್ತವೆ. ದೂರದಲ್ಲಿ ಕುಳಿತು ಗೋಧಿ ಭತ್ತಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ನಿಯಮ ಇವಕ್ಕೆಲ್ಲ ಹೊಂದುವುದಿಲ್ಲ. ತಪ್ಪಾದರೆ ತಿದ್ದುವ ಸರ್ಕಾರ ರೈತನಿಗೆ ಹತ್ತಿರದಲ್ಲಿರಬೇಕು. 73ನೆಯ ತಿದ್ದುಪಡಿಯಿಂದ 1993ರಲ್ಲಿ ಜಾರಿಗೆ ಬಂದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳಲ್ಲಿ ಮೊದಲನೆಯದೇ ಕೃಷಿ ಮತ್ತು ಕೃಷಿ ವಿಸ್ತರಣೆ. ರಾಜ್ಯಗಳು ದೆಹಲಿಯಿಂದ ಕೇಳುವ ಅಧಿಕಾರವನ್ನು ತಮ್ಮ ಪಂಚಾಯತಿಗಳಿಗೂ ಕೊಡಬೇಕಲ್ಲವೇ ಎಂಬ ಪ್ರಶ್ನೆಯೂ ಇಲ್ಲಿ ಏಳುತ್ತದೆ.

ಇಬ್ಬರೂ ಕೂಡಿ ತೀರ್ಮಾನಿಸುವ ಪದ್ಧತಿಗೆ ಸರಕು ಮತ್ತು ಸೇವಾ ತೆರಿಗೆ ಮಂಡಳಿ ಒಂದು ಮಾದರಿ. ಅಲ್ಲಿ ಮತದ ಮೂರನೆಯ ಒಂದು ಭಾಗ ಕೇಂದ್ರಕ್ಕೆ, ಮೂರನೆಯ ಎರಡು ಭಾಗ ರಾಜ್ಯಗಳಿಗೆ ಸೇರಿದೆ. ನಿರ್ಣಯಕ್ಕೆ ನಾಲ್ಕನೆಯ ಮೂರು ಭಾಗದ ಬೆಂಬಲ ಬೇಕು. ಒಬ್ಬರೇ ಮುಂದುವರಿಯುವಂತಿಲ್ಲ. 2025ರ ಸೆಪ್ಟೆಂಬರಿನಲ್ಲಿ ಟ್ರಾಕ್ಟರ್ ಮೇಲಿನ ತೆರಿಗೆ ಶೇಕಡ 12ರಿಂದ 5ಕ್ಕೆ ಇಳಿದದ್ದು ಈ ಮಂಡಳಿಯ ನಿರ್ಣಯದಿಂದ. ಕೃಷಿ ಮಾರುಕಟ್ಟೆ, ರಫ್ತು, ಬರ ಪರಿಹಾರಗಳಲ್ಲೂ ರಾಜ್ಯಗಳನ್ನು ಮೊದಲೇ ಕೇಳಿ, ಗೊತ್ತಾದ ದಿನಗಳೊಳಗೆ ತೀರ್ಮಾನಿಸುವ ಏರ್ಪಾಡು ಬಂದರೆ ವಿಷಯ ಯಾವ ಪಟ್ಟಿಯಲ್ಲಿದೆ ಎಂಬ ಜಗಳದ ತೀವ್ರತೆ ಬಹುಮಟ್ಟಿಗೆ ತಗ್ಗುತ್ತದೆ.

ರೈತರು ಗಮನಿಸಬೇಕಾದ ಅಂಶಗಳು

1. ಪ್ರತಿ ಹಂಗಾಮಿನಲ್ಲೂ ಬೆಳೆ ಸಮೀಕ್ಷೆಯಲ್ಲಿ ತಮ್ಮ ಬೆಳೆ ಸರಿಯಾಗಿ ದಾಖಲಾಗಿದೆಯೇ ಎಂದು ನೋಡಿಕೊಳ್ಳಬೇಕು. ಪರಿಹಾರ, ವಿಮೆ, ಬೆಂಬಲ ಬೆಲೆ ಮೂರಕ್ಕೂ ಎರಡು ಸರ್ಕಾರಗಳು ಈ ದಾಖಲೆಯನ್ನೇ ನೋಡುತ್ತವೆ.

2. ಪಹಣಿ, ಆಧಾರ್, ಬ್ಯಾಂಕ್ ಖಾತೆಗಳಲ್ಲಿ ಹೆಸರು ಒಂದೇ ರೀತಿ ಇರಬೇಕು. 'ಫ್ರೂಟ್ಸ್' ನೋಂದಣಿಯಲ್ಲಿ ಎಲ್ಲ ಸರ್ವೆ ನಂಬರುಗಳೂ ಸೇರಿರಬೇಕು.

3. ಆಲಿಕಲ್ಲು, ಜಲಾವೃತ ಮುಂತಾದ ಸ್ಥಳೀಯ ಹಾನಿಯನ್ನು 72 ಗಂಟೆಗಳೊಳಗೆ ವಿಮಾ ಕಂಪನಿಗೆ ತಿಳಿಸಿ, ಅದಕ್ಕೆ ಸ್ವೀಕೃತಿ ಪಡೆಯಬೇಕು.

4. ಕಳಪೆ ಬೀಜ, ಗೊಬ್ಬರದ ಹೆಚ್ಚಿನ ದರ, ನಾಲೆ ನೀರು, ಮಾರುಕಟ್ಟೆಯ ತೂಕ ಮತ್ತು ಕಮಿಷನ್, ಖರೀದಿ ಕೇಂದ್ರ, ಪಹಣಿ ತಿದ್ದುಪಡಿ: ಇವುಗಳ ಮನವಿ ರಾಜ್ಯದ ಅಧಿಕಾರಿಗಳಿಗೆ, ಆ ಕ್ಷೇತ್ರದ ಶಾಸಕರಿಗೆ ಹೋಗಬೇಕು.

5. ಬೆಂಬಲ ಬೆಲೆಯ ಮಟ್ಟ, ಆಮದು ರಫ್ತು, ಗೊಬ್ಬರದ ಸಬ್ಸಿಡಿ, ಬ್ಯಾಂಕ್ ಸಾಲದ ನಿಯಮ, ಪರಿಹಾರದ ದರ: ಇವುಗಳ ಮನವಿ ಕೇಂದ್ರದ ಸಚಿವಾಲಯಕ್ಕೆ, ಲೋಕಸಭಾ ಸದಸ್ಯರಿಗೆ ಹೋಗಬೇಕು.

6. ಬರ ಪರಿಹಾರ ಮತ್ತು ಬೆಳೆ ವಿಮೆಗಳಲ್ಲಿ ಇಬ್ಬರಿಗೂ ಪಾಲಿರುವುದರಿಂದ ಒಂದೇ ಮನವಿಯ ಪ್ರತಿಯನ್ನು ಎರಡೂ ಕಡೆ ಕಳುಹಿಸಬೇಕು. ಯಾರ ಪಾಲಿನ ಹಣ, ಯಾವ ದಿನಾಂಕದಿಂದ ಬಾಕಿ ಎಂಬುದನ್ನು ಬರೆದು ಕೇಳಬೇಕು. ಇಂಥ ನಿರ್ದಿಷ್ಟ ಪ್ರಶ್ನೆಗೆ ಹಾರಿಕೆಯ ಉತ್ತರ ಕೊಡುವುದು ಕಷ್ಟ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು.

ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಗಳಲ್ಲಿ ಬೀಜೋಪಚಾರ, ಮಣ್ಣು ಪರೀಕ್ಷೆಗಳ ಜೊತೆಗೆ ಈ ವಿವರಗಳನ್ನೂ ತಿಳಿಸಿಕೊಡಬೇಕು. ಕೆಲಸವನ್ನು ಹಂಚಿಕೊಂಡ ಇಬ್ಬರಲ್ಲಿ ಯಾರು ಯಾವುದಕ್ಕೆ ಹೊಣೆ ಎಂದು ರೈತನಿಗೆ ಗೊತ್ತಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿ ದಿನ ದೂಡಲು ಆಗುವುದಿಲ್ಲ. ಮುಂದಿನ ಮುಂಗಾರಿಗೆ ಮೊದಲೇ ಪ್ರತಿ ಗ್ರಾಮದಲ್ಲೂ ಈ ವಿಷಯ ಚರ್ಚೆಗೆ ಬರುವುದು ಒಳ್ಳೆಯದು.